ಬೀಜದ ಗಡ್ಡೆಯ ಉಸಿರು

ಏಪ್ರಿಲ್, ಮೇ ತಿಂಗಳಲ್ಲಿ ಹಾಸನದ ಎಪಿಎಂಸಿ ಅಂಗಳಕ್ಕೆ ಜಲಂಧರ್‌ನಿಂದ ಬಿತ್ತನೆ ಆಲೂಗಡ್ಡೆ ಬರುತ್ತದೆ. ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಲಾರಿಯಲ್ಲಿ ಕುಲುಕಿಕೊಂಡು ಬಂದ ಆ ಚೀಲಗಳನ್ನು ನಮ್ಮ ಕಡೆ ಸಿಮೆಂಟ್ ಮೂಟೆಯಂತೆ ಗೋಡೆಗೆ ಒತ್ತಿ ಅಟ್ಟಿ ಕಟ್ಟುವವರೇ ಹೆಚ್ಚು. ಬಿತ್ತಿದರೆ ಮೊಳೆಯುತ್ತದೆ ಎಂದು ನಂಬುವವರಿಗೂ ಗಡ್ಡೆ ಉಸಿರಾಡುತ್ತದೆ ಎಂದರೆ ನಗು. ನಾನು ಬಿ.ಎಸ್ಸಿ. ಮುಗಿಸಿ ಬೇಸಾಯಕ್ಕೆ ಬಂದವನು. ತರಗತಿಯಲ್ಲಿ ಉರು ಹೊಡೆದ ಗ್ಲೂಕೋಸ್ ವಿಭಜನೆ ನನ್ನ ಉಪಯೋಗಕ್ಕೆ ಬಂದದ್ದು ಈ ಚೀಲಗಳ ನಡುವೆ.

ಗಡ್ಡೆ ತನ್ನ ಪಿಷ್ಟವನ್ನು ತಾನೇ ತಿನ್ನುತ್ತದೆ. ಪಿಷ್ಟದಿಂದ ಬಂದ ಆರು ಇಂಗಾಲದ ಗ್ಲೂಕೋಸ್, ಜೀವಕೋಶದ ದ್ರವದಲ್ಲೇ ಹಂತ ಹಂತವಾಗಿ ಒಡೆದು ಮೂರು ಇಂಗಾಲದ ಎರಡು ಪೈರುವೇಟ್ ಅಣುಗಳಾಗುತ್ತದೆ. ಇಲ್ಲಿಯವರೆಗೆ ಆಮ್ಲಜನಕದ ಹಂಗಿಲ್ಲ; ಕೋಶಕ್ಕೆ ದಕ್ಕುವ ನಿವ್ವಳ ಲಾಭ ಎರಡು ಎಟಿಪಿ (ಕೋಶ ತನ್ನ ಕೆಲಸಕ್ಕೆ ಖರ್ಚು ಮಾಡುವ ಶಕ್ತಿಯ ಅಣು) ಮಾತ್ರ. ಗಾಳಿ ಇದ್ದರೆ ಪೈರುವೇಟ್, ಕೋಶದ ಶಕ್ತಿಮನೆಯಾದ ಮೈಟೊಕಾಂಡ್ರಿಯಾದೊಳಗೆ ಹೋಗುತ್ತದೆ. ಅಲ್ಲಿ, ಜೀವರಸಾಯನ ವಿಜ್ಞಾನಿ ಹ್ಯಾನ್ಸ್ ಕ್ರೆಬ್ಸ್ 1937ರಲ್ಲಿ ವಿವರಿಸಿದ ಚಕ್ರ ಮುಗಿಯುವಷ್ಟರಲ್ಲಿ ಇಂಗಾಲವೆಲ್ಲ ಇಂಗಾಲದ ಡೈಆಕ್ಸೈಡ್ ಆಗಿ ಹೊರಬೀಳುತ್ತದೆ. ದಾರಿಯುದ್ದಕ್ಕೂ ಕಿತ್ತ ಎಲೆಕ್ಟ್ರಾನುಗಳನ್ನು ಕಟ್ಟಕಡೆಗೆ ಆಮ್ಲಜನಕ ಹಿಡಿದುಕೊಂಡು ನೀರಾಗುತ್ತದೆ. ಒಟ್ಟು 30ರಿಂದ 32 ಎಟಿಪಿ. ನಮ್ಮ ಪಠ್ಯದಲ್ಲಿ 38 ಎಂದಿತ್ತು, ಅದನ್ನೇ ಬರೆದು ಅಂಕ ಪಡೆದೆವು; ಮೈಟೊಕಾಂಡ್ರಿಯಾದ ಪೊರೆಯಲ್ಲಾಗುವ ಸೋರಿಕೆಯನ್ನೂ ಸಾಗಣೆಯ ಖರ್ಚನ್ನೂ ಕಳೆದರೆ ಅಷ್ಟು ಉಳಿಯುವುದಿಲ್ಲ.

ರೈತನಿಗೆ ಮುಖ್ಯವಾದದ್ದು ಎಟಿಪಿಗಿಂತ ಶಾಖ. 180 ಗ್ರಾಂ ಗ್ಲೂಕೋಸ್ ಪೂರ್ತಿ ಒಡೆದರೆ ಸುಮಾರು 686 ಕಿಲೊಕ್ಯಾಲರಿ ಬಿಡುಗಡೆಯಾಗುತ್ತದೆ, ಜೊತೆಗೆ 108 ಗ್ರಾಂ ನೀರು. ಆ ಶಕ್ತಿಯಲ್ಲಿ ಮೂರನೆಯ ಒಂದು ಪಾಲಿನಷ್ಟನ್ನು ಎಟಿಪಿ ಹಿಡಿದರೆ ಉಳಿದದ್ದು ನೇರವಾಗಿ ಶಾಖ. ಚೀಲದ ನಡುವಿಗೆ ಕೈ ತೂರಿಸಿದರೆ ಬೆಚ್ಚಗಿರುವುದು ಇದರಿಂದಲೇ. ಬೆಚ್ಚಗಾದಷ್ಟೂ ಉಸಿರಾಟ ಜೋರಾಗುತ್ತದೆ, ಹತ್ತು ಡಿಗ್ರಿ ಏರಿದರೆ ವೇಗ ಎರಡು ಮೂರು ಪಟ್ಟು. ಉಸಿರಾಟ ಜೋರಾದಷ್ಟೂ ಮತ್ತೆ ಶಾಖ.

ಕೆಲಸಕ್ಕೆ ಬರುವವರು ಇದನ್ನು ನಂಬಲಿಲ್ಲ. ಎಲೆ ಅಡಿಕೆಯ ಸುಣ್ಣವನ್ನು ನೀರಿಗೆ ಕಲಸಿ, ಕೆಳಗೆ ಇಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಎರಡು ಬಟ್ಟಲಿಗೆ ಬಗ್ಗಿಸಿದೆ. ಒಂದನ್ನು ಗಡ್ಡೆ ತುಂಬಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಇನ್ನೊಂದನ್ನು ಖಾಲಿ ಡಬ್ಬಿಯಲ್ಲಿಟ್ಟು ಮುಚ್ಚಿದೆ. ಬೆಳಿಗ್ಗೆ ಗಡ್ಡೆಯ ಡಬ್ಬಿಯ ಬಟ್ಟಲಿನ ಮೇಲೆ ಹಾಲಿನ ಕೆನೆಯಷ್ಟು ಬಿಳಿ ಪೊರೆ; ಗಡ್ಡೆ ಬಿಟ್ಟ ಇಂಗಾಲದ ಡೈಆಕ್ಸೈಡ್ ಸುಣ್ಣದ ತಿಳಿಯನ್ನು ಬೆಳ್ಳಗಾಗಿಸಿತ್ತು. ಖಾಲಿ ಡಬ್ಬಿಯದು ಹೆಚ್ಚುಕಡಿಮೆ ತಿಳಿಯಾಗಿಯೇ ಇತ್ತು. ಮುಚ್ಚಳದ ಒಳಮೈಯಲ್ಲಿ ಹನಿಗಳು ಬೇರೆ. ಅದಾದ ಮೇಲೆ ವಾದ ನಿಂತಿತು.

ನಿಜವಾದ ಆಪತ್ತು ಇರುವುದು ಗಾಳಿ ತಲುಪದ ಕಡೆ. ಸಕ್ಕರೆ ಒಡೆಯುವಾಗ ಬರುವ ಹೈಡ್ರೋಜನ್ನನ್ನು ಹೊರುವುದು ಎನ್‌ಎಡಿ ಎಂಬ ಅಣು. ಅದು ಕೋಶದಲ್ಲಿರುವುದು ಸ್ವಲ್ಪವೇ. ಕೊನೆಯಲ್ಲಿ ಹೊರೆ ಇಳಿಸಿಕೊಳ್ಳಲು ಆಮ್ಲಜನಕವಿಲ್ಲದಿದ್ದರೆ ಎಲ್ಲ ಎನ್‌ಎಡಿಯೂ ಹೊತ್ತು ನಿಂತೇ ಇರುತ್ತದೆ, ಗ್ಲೂಕೋಸ್ ಒಡೆಯುವುದೂ ನಿಲ್ಲುತ್ತದೆ. ಆಗ ಕೋಶ ಹೊರೆಯನ್ನು ಪೈರುವೇಟ್ ಮೇಲೇ ಹೇರಿ ಲ್ಯಾಕ್ಟಿಕ್ ಆಮ್ಲವನ್ನೋ ಆಲ್ಕೋಹಾಲನ್ನೋ ಮಾಡಿಕೊಳ್ಳುತ್ತದೆ. ಹುದುಗುವಿಕೆ ಎಂದರೆ ಇಷ್ಟೇ: ಎನ್‌ಎಡಿಯನ್ನು ಖಾಲಿ ಮಾಡಿಕೊಳ್ಳುವ ಉಪಾಯ. ಲಾಭ ಮಾತ್ರ ಎರಡೇ ಎಟಿಪಿ. ಮೊದಲಿನಷ್ಟೇ ಶಕ್ತಿ ಬೇಕೆಂದರೆ ಹದಿನೈದು ಪಟ್ಟು ಸಕ್ಕರೆ ಸುಡಬೇಕು, ಗಡ್ಡೆಗೆ ಅದು ಸಾಗುವುದಿಲ್ಲ. ನಡುಭಾಗದ ಕೋಶಗಳು ಸಾಯುತ್ತವೆ. ಹೊರಗಿನಿಂದ ಕುಫ್ರಿ ಜ್ಯೋತಿ ತಳಿಯ ಗಡ್ಡೆ ಲಕ್ಷಣವಾಗಿಯೇ ಕಾಣುತ್ತದೆ, ಕತ್ತರಿಸಿದರೆ ನಡುವೆ ಶಾಯಿ ಚೆಲ್ಲಿದ ಹಾಗೆ ಕಪ್ಪು. ಮೇಲ್ಮೈಗೆ ನೀರಿನ ಪೊರೆ ಕಟ್ಟಿದರೂ ಇದೇ ಪಾಡು. ಸಿಪ್ಪೆಯ ಉಸಿರುರಂಧ್ರಗಳು ಮುಚ್ಚಿ, ಬೇಸಿಗೆಯಲ್ಲಾದರೆ ಕೆಲವೇ ಗಂಟೆಗಳಲ್ಲಿ ಒಳಗೆ ಆಮ್ಲಜನಕ ಬರಿದಾಗುತ್ತದೆ. ಕೊಳೆಸುವ ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದೂ ಅದೇ.

ಆದ್ದರಿಂದ ಚೀಲ ಇಳಿದ ದಿನವೇ ಬಾಯಿ ಬಿಚ್ಚಿ, ನೆರಳಿನಲ್ಲಿ ಬಿದಿರಿನ ತಟ್ಟಿಯ ಮೇಲೆ ತೆಳುವಾಗಿ ಹರವುತ್ತೇನೆ. ತಟ್ಟಿಯ ಕೆಳಗೂ ಗಾಳಿ ಆಡಬೇಕು. ಕೊಟ್ಟಿಗೆ ಬೆಚ್ಚಗಿದೆ ಎಂದು ಗಡ್ಡೆಯ ಮೇಲೆ ನೀರು ಚಿಮುಕಿಸುವವರಿದ್ದಾರೆ. ನಾನು ನೀರು ಹಾಕುವುದು ನೆಲಕ್ಕೆ, ಗಡ್ಡೆಗಲ್ಲ. ಕಣ್ಣು ನೋಡಿ ಕತ್ತರಿಸಿದ ತುಂಡುಗಳ ವಿಷಯದಲ್ಲಿ ಇನ್ನೂ ಬಿಗಿ. ಗಾಯದ ಮೇಲೆ ಹೊಸ ಸಿಪ್ಪೆ ಕಟ್ಟಲು ಕೋಶಗಳು ದುಡಿಯಬೇಕು, ಉಸಿರಾಟ ಒಮ್ಮೆಲೇ ಏರುತ್ತದೆ. ಅಂಥ ತುಂಡುಗಳನ್ನು ಚೀಲಕ್ಕೆ ತುಂಬಿಟ್ಟರೆ ಗಾಯ ಮಾಯುವುದಿರಲಿ, ಹುಳಿ ವಾಸನೆ ಬರಲು ತಡವಾಗುವುದಿಲ್ಲ. ಔಷಧಿಗೆ ಅದ್ದಿದ ಮೇಲೂ ಮೇಲ್ಮೈ ಆರುವವರೆಗೆ ಅವನ್ನು ರಾಶಿ ಹಾಕಲು ಬಿಡುವುದಿಲ್ಲ. ಮೋಡ ಕಟ್ಟಿ, ಹದ ತಪ್ಪೀತೆಂದು ಮನೆಯವರು ಅವಸರ ಮಾಡಿದರೂ ಅಷ್ಟು ಹೊತ್ತು ಕಾಯುತ್ತೇನೆ.