ಮಾಳಿಗೆ ಮೇಲೆ ಮಲಗಿ ಸ್ವಾತಿ ಹುಡುಕೋದು ಹೇಗೆ

ಕಲಬುರಗಿಯಲ್ಲಿ ಮೇ ತಿಂಗಳು ಬಂತೆಂದರೆ ನಮ್ಮ ಮನೆಮಂದಿಯ ಹಾಸಿಗೆ ಮಾಳಿಗೆ ಮೇಲೆಯೇ. ಕೆಳಗೆ ಫ್ಯಾನ್ ಬರೀ ಬಿಸಿಗಾಳಿ ಬೀಸುತ್ತದೆ. ಮಾಳಿಗೆಗೆ ಶಹಾಬಾದ್ ಕಲ್ಲು ಹಾಸಿದ್ದೇವೆ. ಸಂಜೆ ನಾಲ್ಕು ಕೊಡ ನೀರು ಸುರಿದರೂ ಒಂಬತ್ತರವರೆಗೆ ಬೆನ್ನಿಗೆ ಕಾವು ಹತ್ತುತ್ತಲೇ ಇರುತ್ತದೆ. ನಿದ್ದೆ ಹೇಗೂ ಬರಲ್ಲ. ಸುಮ್ನೆ ಫೋನ್ ನೋಡುವ ಬದಲು ಸ್ವಾತಿ ನಕ್ಷತ್ರ ನೋಡಿ.

ಮೊದಲು ಮಾಳಿಗೆಯ ದೀಪ ಆರಿಸಿ, ಫೋನ್ ದಿಂಬಿನ ಕೆಳಗಿಡಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಹತ್ತು ನಿಮಿಷವಾದರೂ ಬೇಕು. ತಲೆ ದಕ್ಷಿಣಕ್ಕೆ, ಕಾಲು ಉತ್ತರಕ್ಕೆ ಇರಲಿ. ಉತ್ತರಕ್ಕೆ ತಲೆ ಹಾಕಬೇಡಿ ಅಂತ ಹಿರಿಯರು ಹೇಗೂ ಹೇಳುತ್ತಾರೆ, ಇಲ್ಲಿ ಅದೇ ಅನುಕೂಲವೂ ಹೌದು. ಪೂರ್ವ ಬಲಗೈ ಕಡೆ ಬರುತ್ತದೆ.

ಮೇ ಮಧ್ಯದಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ಕಾಲಿನ ಕಡೆ, ಅರ್ಧ ಆಕಾಶದ ಎತ್ತರದಲ್ಲಿ, ಸಪ್ತರ್ಷಿ ಮಂಡಲ ಬೋರಲು ಹಾಕಿದ ಸೌಟಿನ ಹಾಗೆ ಕಾಣುತ್ತದೆ. ಸೌಟಿನ ಹಿಡಿ ಬಲಕ್ಕೆ ಬಾಗಿದೆ. ಹಿಡಿಯ ನಡುವಿನ ನಕ್ಷತ್ರ ವಸಿಷ್ಠ. ಅದಕ್ಕೆ ಅಂಟಿಕೊಂಡಂತಿರುವ ಸಣ್ಣ ಚುಕ್ಕೆ ಅರುಂಧತಿ, ಮದುವೆಯಲ್ಲಿ ಭಟ್ಟರು ಹಗಲಲ್ಲೇ ತೋರಿಸುತ್ತಾರಲ್ವಾ, ಅದೇ. ಈಗ ಹಿಡಿಯ ಬಾಗನ್ನು ಹಾಗೇ ಮುಂದುವರಿಸಿ. ತೋಳು ಪೂರ್ತಿ ಚಾಚಿ ಮುಷ್ಟಿ ಹಿಡಿಯಿರಿ. ಸೌಟಿನ ಹಿಡಿಯ ತುದಿಯಿಂದ ಮೂರು ಮುಷ್ಟಿ ದಾಟಿದರೆ ಒಂದು ಕಿತ್ತಳೆ ಬಣ್ಣದ ದೊಡ್ಡ ನಕ್ಷತ್ರ. ಅದೇ ಸ್ವಾತಿ. ಇಂಗ್ಲಿಷ್‌ನಲ್ಲಿ ಆರ್ಕ್ಟುರಸ್.

ಬಣ್ಣ ಗೊತ್ತಾಗದಿದ್ದರೆ ಅದೇ ಬಾಗಿನಲ್ಲಿ ಇನ್ನೂ ಮೂರು ಮುಷ್ಟಿಗಿಂತ ಸ್ವಲ್ಪ ಜಾಸ್ತಿ ಹೋಗಿ. ಅಲ್ಲಿ ಚಿತ್ತಾ ಇದೆ, ನೀಲಿ ಬಿಳುಪು. ಒಮ್ಮೆ ಇದನ್ನು, ಒಮ್ಮೆ ಅದನ್ನು ನೋಡಿ. ಬೈನಾಕ್ಯುಲರ್ ಇದ್ದರೆ ಫೋಕಸ್ ಬೇಕಂತಲೇ ಸ್ವಲ್ಪ ಕೆಡಿಸಿ. ಚುಕ್ಕೆ ಹರಡಿ ಕುಂಕುಮಬೊಟ್ಟಿನಷ್ಟಾಗುತ್ತದೆ, ಬಣ್ಣ ಎದ್ದು ಕಾಣುತ್ತದೆ.

ನಾನು ಇದನ್ನು ಕಲಿತದ್ದು ಮರ್ಯಾದೆ ಕಳೆದುಕೊಂಡು. 2016ರ ಮೇನಲ್ಲಿ ಆಗ್ನೇಯದಲ್ಲಿ ಕೆಂಪಗೆ ಹೊಳೆಯುವುದನ್ನು ಕಂಡು, ಓಣಿ ಹುಡುಗರನ್ನೆಲ್ಲ ಮಾಳಿಗೆಗೆ ಹತ್ತಿಸಿ "ನೋಡಿ, ಸ್ವಾತಿ" ಅಂದಿದ್ದೆ. ಹೊರಸಿನ ಮೇಲೆ ಮಲಗಿದ್ದ ಮಾವನವರು ಕಣ್ಣು ತೆರೆಯದೆ ಅಂದರು: "ಸ್ವಾತಿ ನೆತ್ತಿ ಮ್ಯಾಲ ಬರ್ತದವ್ವ. ನಿಂದು ಬರ್ತದೇನು ನೋಡು." ಹನ್ನೆರಡೂವರೆವರೆಗೆ ಕಾದೆ. ಬರಲಿಲ್ಲ. ಅದು ಮಂಗಳ ಗ್ರಹ, ಆ ತಿಂಗಳು ಭೂಮಿಗೆ ಹತ್ತಿರ ಬಂದಿತ್ತು. ನಾನು ಅವತ್ತು ತಲೆ ಎತ್ತಿಯೂ ನೋಡದ ನಿಜವಾದ ಸ್ವಾತಿ ಆಗಲೇ ನೆತ್ತಿ ದಾಟಿ ಪಶ್ಚಿಮಕ್ಕೆ ವಾಲಿತ್ತು.

ಮಾವನವರ ಪರೀಕ್ಷೆಗಿಂತ ಒಳ್ಳೆಯದು ನನಗೆ ಇನ್ನೂ ಸಿಕ್ಕಿಲ್ಲ. ನಮ್ಮೂರು ಇರುವುದು 17 ಡಿಗ್ರಿ ಅಕ್ಷಾಂಶದ ಹತ್ತಿರ, ಸ್ವಾತಿ ಸಾಗುವುದು 19 ಡಿಗ್ರಿ ಅಕ್ಷಾಂಶದ ನೇರ ಮೇಲೆ. ಹಾಗಾಗಿ ನೆತ್ತಿಗೆ ಎರಡು ಡಿಗ್ರಿಯೊಳಗೇ, ಕಾಲಿನ ಕಡೆ ಒಂಚೂರು ಸರಿದು ಹಾಯುತ್ತದೆ. ಬೀದರ್, ಯಾದಗಿರಿಯವರಿಗೂ ಹೆಚ್ಚುಕಡಿಮೆ ಹೀಗೇ. ಮೇ ಮಧ್ಯದಲ್ಲಿ ರಾತ್ರಿ ಹನ್ನೊಂದಕ್ಕೆ ನೆತ್ತಿಗೆ ಬರುತ್ತದೆ, ಆಮೇಲೆ ದಿನಕ್ಕೆ ನಾಲ್ಕು ನಿಮಿಷ ಬೇಗ.

ಹುಡುಗರು ಕಿತ್ತಳೆ ಯಾಕೆ ಅಂತ ಕೇಳಿಯೇ ಕೇಳುತ್ತಾರೆ. ನಾನು ರೊಟ್ಟಿಯ ಉದಾಹರಣೆ ಕೊಡುತ್ತೇನೆ. ಸ್ವಾತಿಯ ತೂಕ ಹೆಚ್ಚುಕಡಿಮೆ ನಮ್ಮ ಸೂರ್ಯನಷ್ಟೇ. ನಡುವಿನ ಹೈಡ್ರೋಜನ್ ಉರಿದು ಮುಗಿದ ಮೇಲೆ ಹೆಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿ, ಸೂರ್ಯನ 25 ಪಟ್ಟು ಅಗಲವಾಗಿದೆ. ಉಬ್ಬಿದ್ದರಿಂದ ಮೇಲ್ಮೈ ತಣ್ಣಗಾಗಿ ಸುಮಾರು 4,000 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿದೆ. ಸೂರ್ಯನದು 5,500. ಕುಲುಮೆಯ ಕಬ್ಬಿಣವೂ ಜಾಸ್ತಿ ಕಾದಾಗ ಬಿಳಿ, ಕಡಿಮೆಯಾದಾಗ ಕಿತ್ತಳೆ. ದೂರ 37 ಬೆಳಕಿನ ವರ್ಷ. ಈಗ ಕಾಣುವ ಬೆಳಕು ಅಲ್ಲಿಂದ ಹೊರಟಾಗ ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದೆ.

ಸ್ವಾತಿ ಮಳೆ ಬರುವ ಅಕ್ಟೋಬರ್ ಕೊನೆಗೆ ಮಾತ್ರ ಹುಡುಕಬೇಡಿ. ಆಗ ಅದು ಸೂರ್ಯನ ಬೆನ್ನಿಗೇ ಮುಳುಗಿಬಿಡುತ್ತದೆ. ಬೇಸಿಗೆ ತಪ್ಪಿಹೋದರೆ ಡಿಸೆಂಬರ್‌ನಲ್ಲಿ ರೋಹಿಣಿ ಇದೆ. ಅದೂ ಹೀಗೇ ಉಬ್ಬಿದ ಕಿತ್ತಳೆ ನಕ್ಷತ್ರವೇ, ತಿಂಗಳ ಮಧ್ಯದಲ್ಲಿ ಹನ್ನೊಂದೂವರೆಗೆ ನೆತ್ತಿ ಮೇಲೇ ಇರುತ್ತದೆ. ಆಗ ಮಾಳಿಗೆಗೆ ಎರಡು ಕೌದಿ ಒಯ್ಯಿರಿ.