ವಾರಂಟಿ ಮುಗಿದ ಒಡವೆಯ ಜೋಪಾನ
ವಾರಂಟಿ ಮುಗಿದ ಮೇಲೆ ಒಡವೆಯ ಕಾವಲು ನಮ್ಮದೇ. ಹರಳಿನ ಉಂಗುರವನ್ನು ಕಿವಿಯ ಬಳಿ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿ. ಒಳಗೆ ಸಣ್ಣಗೆ ಟಿಕ್ ಟಿಕ್ ಎಂದರೆ ಹರಳು ಸಡಿಲವಾಗಿದೆ. ಹರಳನ್ನು ಹಿಡಿದ ಕೊಕ್ಕೆಗಳಿಗೆ ಹತ್ತಿಬಟ್ಟೆಯ ನೂಲು ಸಿಕ್ಕಿಕೊಂಡರೆ ಕೊಕ್ಕೆ ಎದ್ದಿದೆ ಎಂದೇ ಅರ್ಥ. ಆಗಲೇ ತೊಡುವುದನ್ನು ನಿಲ್ಲಿಸಿ, ಬಿಗಿ ಮಾಡಿಸಿ. ದಯವಿಟ್ಟು ಅಂಟು ಹಾಕಬೇಡಿ. ಅದನ್ನು ಪೂರ್ತಿ ತೆಗೆಯದೆ ಅಕ್ಕಸಾಲಿಗರು ಬೆಸುಗೆ ಹಾಕಲಾರರು.

ರಿಪೇರಿಗೆ ಕೊಡುವ ಮುನ್ನ ನಿಮ್ಮೆದುರೇ ತೂಕ ಹಾಕಿಸಿ, ಫೋಟೊ ತೆಗೆದುಕೊಳ್ಳಿ, ರಸೀದಿಯಲ್ಲಿ ತೂಕವನ್ನೂ ಹರಳುಗಳ ಸಂಖ್ಯೆಯನ್ನೂ ಬರೆಸಿ. ಸಂಕೋಚ ಬೇಡ, ಒಳ್ಳೆಯ ಕಸುಬುದಾರರು ಇದಕ್ಕೆ ಬೇಸರಿಸುವುದಿಲ್ಲ.

ಚಿನ್ನ ತೊಳೆಯಲು ಉಗುರುಬೆಚ್ಚಗಿನ ಸೋಪುನೀರು, ಮೆತ್ತನೆಯ ಬ್ರಷ್ ಸಾಕು. ಮುತ್ತಿನ ಸರವನ್ನು ಮಾತ್ರ ನೆನೆಸಬೇಡಿ, ದಾರ ಸಡಿಲಗೊಳ್ಳುತ್ತದೆ. ಈಜುಕೊಳಕ್ಕೆ ಇಳಿಯುವಾಗ ಎಲ್ಲವನ್ನೂ ಬಿಚ್ಚಿಡಿ. ಕ್ಲೋರಿನ್ ಬೆಸುಗೆಯನ್ನು ದುರ್ಬಲಗೊಳಿಸುತ್ತದೆ.