ಭೂಮಿ ಮುಳುಗುತ್ತಂತೆ ಮಿಸ್, ಹೌದಾ?

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು ಬೀದಿಯಲ್ಲಿದ್ದರೆ, ಜಿನೀವಾದಲ್ಲಿ ಏನೇ ಆದರೂ ಅವಳೇ ಜವಾಬ್ದಾರಿ. ಬೆಂಗಳೂರಿನ ಹನುಮಂತನಗರದ ನಮ್ಮ ಬೀದಿಯ ನಂಬಿಕೆ ಇದು. ಜಿನೀವಾ ಹತ್ತಿರ ನೆಲದಡಿಯ ಸುರಂಗದಲ್ಲಿ ಸರ್ನ್ ಎಂಬ ಸಂಶೋಧನಾ ಸಂಸ್ಥೆಯ ಯಂತ್ರವೊಂದಿದೆ, ಪರಮಾಣುವಿನೊಳಗಿನ ಪ್ರೋಟಾನ್ ಎಂಬ ಕಣಗಳನ್ನು ಎರಡು ಕಡೆಯಿಂದ ಓಡಿಸಿ ಗುದ್ದಿಸುವ ಯಂತ್ರ. ಆ ಡಿಕ್ಕಿಯಲ್ಲಿ ಎಲ್ಲವನ್ನೂ ಒಳಗೆಳೆದುಕೊಳ್ಳುವ ಕಪ್ಪುಕುಳಿ ಹುಟ್ಟಿ ಭೂಮಿಯನ್ನೇ ನುಂಗುತ್ತದೆ ಅನ್ನುವುದು ಗಾಳಿಸುದ್ದಿ. 2008ರಲ್ಲಿ ಲಾರ್ಜ್ ಹ್ಯಾಡ್ರಾನ್ ಕೊಲೈಡರ್ ಎಂಬ ಆ ಯಂತ್ರ ಮೊದಲು ಚಾಲೂ ಆದಾಗ, 2012ರಲ್ಲಿ ಅದರಲ್ಲಿ ವಿಜ್ಞಾನಿಗಳು ಹುಡುಕುತ್ತಿದ್ದ ಹಿಗ್ಸ್ ಕಣ ಸಿಕ್ಕಾಗ, 2022ರಲ್ಲಿ ರಿಪೇರಿ ಮುಗಿಸಿ ಯಂತ್ರವನ್ನು ಮತ್ತೆ ಓಡಿಸಿದಾಗ, ಯಾರಾದರೊಬ್ಬರು ನಮ್ಮ ಗೇಟಿನ ಹತ್ತಿರ ನಿಂತು ಕೇಳಿಯೇ ಕೇಳಿದ್ದಾರೆ. ಈಗಿನದು 27 ಕಿ.ಮೀ. ಸುತ್ತಳತೆಯ ಉಂಗುರ. ಸುಮಾರು 91 ಕಿ.ಮೀ.ನ ಇನ್ನೊಂದನ್ನು ಕಟ್ಟುವ ಯೋಜನೆ ಸರ್ನ್ ಸಂಸ್ಥೆಯ ಮುಂದಿದೆ. ಹಾಗಾಗಿ ಪ್ರಶ್ನೆಗಳು ನಿಲ್ಲುವುದಿಲ್ಲ, ಇನ್ನು ನಿಮ್ಮ ಗೇಟಿಗೂ ಬರುತ್ತವೆ. ಮೇಷ್ಟ್ರುಗಳಿಗೆ, ಬಿ.ಎಸ್‌ಸಿ. ಓದುವ ಮಕ್ಕಳಿಗೆ, "ನೀನು ಸೈನ್ಸ್ ಅಲ್ವೇನೋ, ಹೇಳು" ಎಂದು ಮನೆಯವರ ಕೈಗೆ ಸಿಕ್ಕಿಬೀಳುವ ಎಲ್ಲರಿಗೆ, ನಾನು ಉತ್ತರ ಹೇಳುವ ಬಗೆ ಇಲ್ಲಿದೆ.

ಮೊದಲು ನೀವೇ ಕೇಳಿ

"ಏನಾಗಲ್ಲ ಬಿಡಿ" ಎಂದು ಶುರು ಮಾಡಬೇಡಿ. "ಎಲ್ಲಿ ನೋಡಿದ್ರಿ? ಏನಂತ ಹೇಳಿದ್ರು?" ಎಂದು ಕೇಳಿ. ಮಾತು ಒಂದೇ ಥರ ಇದ್ದರೂ ಕೇಳುವವರ ಮನಸ್ಸಿನಲ್ಲಿರುವುದು ಬೇರೆ ಬೇರೆ. ಗಾಂಧಿ ಬಜಾರಿನಲ್ಲಿ ನನಗೆ ಹೂ ಕೊಡುವಾಕೆ ಕೇಳಿದ್ದು ಮಗಳು ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ ಎಂದು. ಆಟೋದವರು ಕೇಳಿದ್ದು ದುಡ್ಡಿನ ವಿಷಯ. ನಮ್ಮ ಅತ್ತೆಯವರಿಗೆ ಹೆದರಿಕೆಯೇ ಇರಲಿಲ್ಲ. 1962ರ ಫೆಬ್ರವರಿಯಲ್ಲಿ ಅಷ್ಟಗ್ರಹ ಕೂಟವೆಂದು ಊರೂರಲ್ಲಿ ಹೋಮ ಮಾಡಿಸಿದ್ದು, 1979ರಲ್ಲಿ ಸ್ಕೈಲ್ಯಾಬ್ ತಲೆ ಮೇಲೆ ಬೀಳುತ್ತದೆಂದು ಜನ ಆಕಾಶ ನೋಡಿದ್ದು, ಕೊನೆಗೆ ಅದು ಆಸ್ಟ್ರೇಲಿಯಾದಲ್ಲಿ ಹೋಗಿ ಬಿದ್ದಿದ್ದು, ಇಷ್ಟನ್ನೂ ಹೇಳಿಕೊಳ್ಳಲು ಅವರಿಗೊಂದು ನೆಪ ಬೇಕಿತ್ತು. ಅಂಥವರಿಗೆ ಪ್ರೋಟಾನ್ ಪಾಠ ಬೇಡ, ಕಾಫಿ ಕೊಟ್ಟು ಕೂತು ಕೇಳಿದರೆ ಸಾಕು.

ನಗುವುದಂತೂ ಬೇಡವೇ ಬೇಡ. 2008ರ ಸೆಪ್ಟೆಂಬರಿನಲ್ಲಿ ಟಿವಿ ಚಾನೆಲ್‌ಗಳು ಗಂಟೆ ಎಣಿಸುತ್ತ ಪ್ರಳಯದ ಕಾರ್ಯಕ್ರಮ ಹಾಕಿದವು. ಮಧ್ಯಪ್ರದೇಶದಲ್ಲಿ ಹದಿಹರೆಯದ ಹುಡುಗಿಯೊಬ್ಬಳು ಅವನ್ನು ನೋಡಿ ಹೆದರಿ ಜೀವ ಕಳೆದುಕೊಂಡಳೆಂದು ಆಗಿನ ಪತ್ರಿಕೆಗಳು ಬರೆದವು. ವಿಜ್ಞಾನ ಓದಿದವರು "ಹುಚ್ಚು ಜನ" ಎಂದು ನಗುತ್ತಿದ್ದಾಗ ಒಂದು ಮನೆಯಲ್ಲಿ ಹೀಗಾಗಿತ್ತು. ಮಗು ಕೇಳಿದರೆ ಟಿವಿ ಆರಿಸಿ, ಪಕ್ಕದಲ್ಲಿ ಕೂತು, ಯಾವ ದಿನ, ಎಷ್ಟು ಗಂಟೆಗೆ, ಏನು ನಡೆಯುತ್ತದೆ ಎಂದು ಹೇಳಿ. ಆ ಗಂಟೆ ಕಳೆಯುವಾಗ ಜೊತೆಯಲ್ಲೇ ಇರಿ. ಅದಾದ ಮೇಲೂ ಊಟ ನಿದ್ದೆ ಬಿಟ್ಟರೆ ಅದು ಭೌತಶಾಸ್ತ್ರದ ಪ್ರಶ್ನೆಯಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಇಲ್ಲವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ದಿನ, ಗಂಟೆ ಸರಿಯಾಗಿ ಹೇಳಿ

ಗಾಳಿಸುದ್ದಿಯಲ್ಲಿ ಗಡಿಯಾರ ಯಾವಾಗಲೂ ತಪ್ಪಿರುತ್ತದೆ. ಅದನ್ನು ಸರಿಮಾಡಿದರೆ ಅರ್ಧ ಗಾಬರಿ ಇಳಿಯುತ್ತದೆ. 2008ರ ಸೆಪ್ಟೆಂಬರ್ 10ರ ಬುಧವಾರ, ನಮ್ಮ ಸಮಯ ಮಧ್ಯಾಹ್ನ ಸುಮಾರು 2 ಗಂಟೆಗೆ, ಪ್ರೋಟಾನುಗಳ ಒಂದು ಕಿರಣ ಆ ಉಂಗುರದಲ್ಲಿ ಮೊದಲ ಪೂರ್ತಿ ಸುತ್ತು ಹಾಕಿತು. ಅಷ್ಟೇ. ಆ ದಿನ ಡಿಕ್ಕಿಯೇ ಇರಲಿಲ್ಲ. ನಮ್ಮಲ್ಲಿ ಗಣೇಶನ ಪೆಂಡಾಲುಗಳು ಇನ್ನೂ ಬಿಚ್ಚಿರಲಿಲ್ಲ. "ಇವತ್ತು ಗುದ್ದಿಸಲ್ಲ, ಸುಮ್ಮನೆ ಓಡಿಸಿ ನೋಡ್ತಾರೆ" ಎಂದದ್ದಕ್ಕೆ ಪೆಂಡಾಲಿನ ಹುಡುಗರಿಗೆ ನಿರಾಸೆಯೇ ಆಯಿತು ಅನ್ನಿ. ಮೊದಲ ಡಿಕ್ಕಿ ಆದದ್ದು 2009ರ ನವೆಂಬರಿನಲ್ಲಿ. ಹೆಚ್ಚಿನ ಶಕ್ತಿಯ ಡಿಕ್ಕಿಗಳು 2010ರ ಮಾರ್ಚ್ 30ಕ್ಕೆ. ಆ ದಿನ ಯಾವ ಚಾನೆಲ್ಲೂ ಗಂಟೆ ಎಣಿಸಿದ್ದು ನನಗೆ ನೆನಪಿಲ್ಲ.

ನಡುವೆ ಒಂದು ವರ್ಷ ಯಾಕೆ ಹೋಯಿತು ಎಂದರೆ ಅದನ್ನೂ ಮುಚ್ಚಿಡಬೇಡಿ. ಶುರುವಾದ ಒಂಬತ್ತೇ ದಿನಕ್ಕೆ ಎರಡು ಅಯಸ್ಕಾಂತಗಳ ನಡುವಿನ ವಿದ್ಯುತ್ ಜೋಡಣೆ ಕೆಟ್ಟು, ಟನ್‌ಗಟ್ಟಲೆ ಹೀಲಿಯಂ ಸುರಂಗದೊಳಗೆ ಸೋರಿ, ಯಂತ್ರ ನಿಂತೇಹೋಯಿತು. ಕೆಡುವುದಾದರೆ ಅದು ಕೆಡುವ ರೀತಿ ಇದು: ತನ್ನನ್ನೇ ಕೆಡಿಸಿಕೊಂಡು ರಿಪೇರಿಗೆ ಕೂರುತ್ತದೆ.

ಕಪ್ಪುಕುಳಿಯ ಪ್ರಶ್ನೆಗೆ

ಹೆಚ್ಚಿನವರು ಇಲ್ಲಿ ಸೊಳ್ಳೆಯ ಲೆಕ್ಕ ತೆಗೆಯುತ್ತಾರೆ. ಒಂದು ಪ್ರೋಟಾನಿನಲ್ಲಿರುವ ಶಕ್ತಿ, ಹಾರಾಡುವ ಕೆಲವು ಸೊಳ್ಳೆಗಳ ಶಕ್ತಿಯಷ್ಟೇ ಎಂದು. ನಿಜ. ಆದರೆ ಅರ್ಧ ನಿಜ. ಕಿರಣದಲ್ಲಿ ಅಂಥ ಪ್ರೋಟಾನುಗಳು ಲಕ್ಷ ಕೋಟಿಗಳ ಲೆಕ್ಕದಲ್ಲಿರುತ್ತವೆ. ಎಲ್ಲ ಸೇರಿದರೆ ಅರ್ಧ ಟನ್ ತಾಮ್ರ ಕರಗಿಸುವಷ್ಟು ಶಕ್ತಿ ಇದೆ. ಕೆಲಸ ಮುಗಿದ ಕಿರಣವನ್ನು ಗ್ರಾಫೈಟಿನ ದಪ್ಪ ದಿಮ್ಮಿಗೆ ಹೊಡೆದು ಆರಿಸಬೇಕು. ಇದನ್ನು ಬಿಟ್ಟು ಸೊಳ್ಳೆಯನ್ನಷ್ಟೇ ಹೇಳಿದರೆ ನಾಳೆ ಯಾರೋ ತಾಮ್ರದ ಲೆಕ್ಕ ಓದಿಬಂದು ನಿಮ್ಮನ್ನು ಸುಳ್ಳುಗಾರ್ತಿ ಮಾಡುತ್ತಾರೆ. ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಹೇಳಿದಂತೆ ಪುಟ್ಟ ಕಪ್ಪುಕುಳಿ ತಕ್ಷಣ ಆವಿಯಾಗುತ್ತದೆ ಅನ್ನುವ ಉತ್ತರವನ್ನೂ ನಾನು ಮೊದಲು ಹೇಳುವುದಿಲ್ಲ. ಅದನ್ನು ಈವರೆಗೆ ಯಾರೂ ಕಣ್ಣಾರೆ ಕಂಡಿಲ್ಲ.

ಗಟ್ಟಿಯಾದ ಉತ್ತರ ಆಕಾಶದಲ್ಲಿದೆ. ಬಾಹ್ಯಾಕಾಶದಿಂದ ಕಾಸ್ಮಿಕ್ ಕಿರಣಗಳು, ಅಂದರೆ ಭಾರೀ ವೇಗದ ಕಣಗಳು, ಹಗಲೂ ರಾತ್ರಿ ನಮ್ಮ ವಾತಾವರಣಕ್ಕೆ ಗುದ್ದುತ್ತಲೇ ಇವೆ. ಅವುಗಳಲ್ಲಿ ಕೆಲವು ಜಿನೀವಾದ ಯಂತ್ರ ಕೊಡಬಲ್ಲ ಶಕ್ತಿಯನ್ನು ಎಷ್ಟೋ ಮೀರಿಸಿದವು. ಸರ್ನ್ 2008ರಲ್ಲಿ ಹೊರತಂದ ಸುರಕ್ಷತಾ ವರದಿಯ ವಾದವೇ ಇದು. ಈ ಯಂತ್ರ ತನ್ನ ಆಯುಸ್ಸಿನಲ್ಲಿ ಮಾಡುವಷ್ಟು ಡಿಕ್ಕಿಗಳನ್ನು ಪ್ರಕೃತಿ ಭೂಮಿಯ ಮೇಲೆ ಕಡಿಮೆಯೆಂದರೂ ಲಕ್ಷ ಸಲ ಮಾಡಿ ಮುಗಿಸಿದೆ. ಭೂಮಿ ಇದೆ, ನಾವೂ ಇದ್ದೇವೆ.

ಚುರುಕು ಹುಡುಗರು ಇಲ್ಲೇ ಹಿಡಿಯುತ್ತಾರೆ. "ಮಿಸ್, ಕಾಸ್ಮಿಕ್ ಕಿರಣ ಜೋರಾಗಿ ಬರುತ್ತೆ, ಅದರಿಂದ ಏನೇ ಹುಟ್ಟಿದ್ರೂ ಅದೇ ಜೋರಲ್ಲಿ ಭೂಮಿ ದಾಟಿ ಹೋಗ್ಬಿಡುತ್ತೆ. ಯಂತ್ರದಲ್ಲಿ ಎರಡೂ ಕಡೆಯಿಂದ ಬಂದು ಗುದ್ದೋದ್ರಿಂದ ಹುಟ್ಟಿದ್ದು ಇಲ್ಲೇ ಉಳೀಬಹುದಲ್ವಾ?" ಶಹಬ್ಬಾಸ್ ಎಂದು ಮೊದಲು ಬೆನ್ನು ತಟ್ಟಿ. ಇದು ವಿಜ್ಞಾನಿಗಳೂ ತಲೆಕೆಡಿಸಿಕೊಂಡ ಪ್ರಶ್ನೆಯೇ. ಉರಿದು ಮುಗಿದ ನಕ್ಷತ್ರಗಳ ಉಳಿಕೆಗಳಾದ ಶ್ವೇತಕುಬ್ಜ ಮತ್ತು ನ್ಯೂಟ್ರಾನ್ ನಕ್ಷತ್ರಗಳು ಎಷ್ಟು ಸಾಂದ್ರವೆಂದರೆ ಅಂಥ ವೇಗದ ವಸ್ತುವನ್ನೂ ತಡೆದು ಒಳಗೇ ಉಳಿಸಿಕೊಳ್ಳುತ್ತವೆ. ಅವುಗಳ ಮೇಲೂ ಕಾಸ್ಮಿಕ್ ಕಿರಣ ಸುರಿಯುತ್ತಲೇ ಇದೆ. ಕೋಟ್ಯಂತರ ವರ್ಷ ವಯಸ್ಸಾದ ಅಂಥ ನಕ್ಷತ್ರಗಳು ಇನ್ನೂ ಆಕಾಶದಲ್ಲಿ ಕಾಣುತ್ತಿವೆ. ಕಪ್ಪುಕುಳಿ ತಿನ್ನುವ ಹಾಗಿದ್ದರೆ ಅವನ್ನೇ ಎಂದೋ ತಿಂದುಬಿಡಬೇಕಿತ್ತು.

ದುಡ್ಡು, ದೇವರು

"ನಮ್ ರೋಡಿನ ಗುಂಡಿ ಮುಚ್ಚಕ್ಕೆ ಕಾಸಿಲ್ಲ, ಅಲ್ಲಿ ನೆಲದಡಿ ಕೋಟಿ ಕೋಟಿ ಸುರೀತಾರೆ ನೋಡಿ ಮೇಡಂ" ಎಂದು ಆಟೋದವರು ಅಂದರೆ ವಿಜ್ಞಾನದ ಮಹಿಮೆ ಹಾಡಬೇಡಿ. ಪ್ರಶ್ನೆ ನ್ಯಾಯವಾದದ್ದೇ. ನಾನು ಹೇಳುವುದು ಇಷ್ಟು: ಆ ಉಂಗುರದ ಭಾರೀ ಅಯಸ್ಕಾಂತಗಳನ್ನು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಹೊತ್ತು ನಿಂತಿರುವುದು ಭಾರತದಿಂದ ಹೋದ ಸುಮಾರು 7,000 ಜ್ಯಾಕ್‌ಗಳು. ಅವುಗಳಲ್ಲಿ ಒಂದು ಪಾಲು ನಮ್ಮ ಬೆಂಗಳೂರಿನ ಕಾರ್ಖಾನೆಯಲ್ಲೇ ತಯಾರಾದದ್ದು. ಜ್ಯಾಕ್ ಅಂದರೆ ಆಟೋದವರಿಗೆ ಬಿಡಿಸಿ ಹೇಳಬೇಕಿಲ್ಲ. ಇಷ್ಟು ಹೇಳಿದರೆ ಗುಂಡಿ ಮುಚ್ಚುವುದಿಲ್ಲ, ಆದರೆ ಮಾತು ಮುಂದುವರಿಯುತ್ತದೆ. 2017ರಿಂದ ಭಾರತ ಸರ್ನ್‌ನ ಸಹ ಸದಸ್ಯ ದೇಶ, ಅದಕ್ಕೆ ನಾವೂ ಹಣ ಕಟ್ಟುತ್ತೇವೆ ಎನ್ನುವುದನ್ನೂ ಹೇಳಿಬಿಡಿ.

ದೇವರ ವಿಷಯ ಬೇಗ ಮುಗಿಸಬಹುದು. ಸರ್ನ್ ಆವರಣದಲ್ಲಿ ನಟರಾಜನ ಮೂರ್ತಿ ಇರುವುದು ನಿಜ, 2004ರಲ್ಲಿ ಭಾರತ ಸರ್ಕಾರ ಕೊಟ್ಟ ಉಡುಗೊರೆ. ಅದರ ಮುಂದೆ ರಾತ್ರಿ ನರಬಲಿ ಕೊಟ್ಟಂತೆ ಕಾಣುವ ವಿಡಿಯೊ 2016ರಲ್ಲಿ ಹರಿದಾಡಿತು. ಅಲ್ಲೇ ಓಡಾಡುವ ಯಾರೋ ತಮಾಷೆಗೆ ಮಾಡಿದ ನಾಟಕ ಅದು. ಈಗಲೂ ಫ್ಯಾಮಿಲಿ ಗ್ರೂಪಿಗೆ ಬಂದು ಬೀಳುತ್ತದೆ. ಲಿಂಕ್ ಕಳಿಸಿದರೆ ಯಾರೂ ತೆಗೆದು ಓದುವುದಿಲ್ಲ, ನಿಮ್ಮ ದನಿಯಲ್ಲೇ ಒಂದು ವಾಯ್ಸ್ ಮೆಸೇಜ್ ಹಾಕಿ.

ನೆಲ, ನೀರಿನ ಭಯಕ್ಕೆ ಈ ಉತ್ತರ ನಡೆಯದು

ಇದೊಂದನ್ನು ಬೇರೆಯಾಗಿಡಿ. ತಮಿಳುನಾಡಿನ ತೇಣಿ ಜಿಲ್ಲೆಯ ಪೊಟ್ಟಿಪುರಂ ಹತ್ತಿರ ಬೆಟ್ಟದೊಳಗೆ ನ್ಯೂಟ್ರಿನೊ ಎಂಬ ಅತಿ ಸಣ್ಣ ಕಣಗಳ ವೀಕ್ಷಣಾಲಯ ಕಟ್ಟಲು ಕೇಂದ್ರ 2015ರಲ್ಲಿ ಒಪ್ಪಿಗೆ ಕೊಟ್ಟಿತು. ಊರಿನವರು ಎದ್ದು ನಿಂತರು. ನ್ಯೂಟ್ರಿನೊದಿಂದ ವಿಕಿರಣ ಬರುತ್ತದೆಂಬ ಭಯಕ್ಕೆ ಉತ್ತರ ಸುಲಭ: ಸೂರ್ಯನ ನ್ಯೂಟ್ರಿನೊಗಳು ಪ್ರತಿ ಸೆಕೆಂಡಿಗೆ ಲಕ್ಷ ಕೋಟಿಗಳ ಲೆಕ್ಕದಲ್ಲಿ ನಮ್ಮ ಮೈ ತೂರಿ ಹೋಗುತ್ತಲೇ ಇವೆ, ನಮಗೆ ಗೊತ್ತೂ ಆಗುವುದಿಲ್ಲ. ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲೇ 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳನ್ನು ಪತ್ತೆ ಮಾಡಿದ್ದರು. ಅದರಿಂದ ಕೆಜಿಎಫ್‌ನಲ್ಲಿ ಯಾರಿಗೂ ಏನೂ ಆಗಲಿಲ್ಲ.

ಆದರೆ ಬೆಟ್ಟ ಕೊರೆಯಲು ಸಿಡಿಮದ್ದು ಎಷ್ಟು, ನೀರು ಯಾವ ಅಣೆಕಟ್ಟಿನಿಂದ, ಕಾಡುಪ್ರಾಣಿ ಓಡಾಡುವ ದಾರಿ ಏನಾಗುತ್ತದೆ ಎಂದು ಕೇಳುವವರು ಪ್ರಳಯಕ್ಕೆ ಹೆದರಿದವರಲ್ಲ. 2022ರಲ್ಲಿ ತಮಿಳುನಾಡು ಸರ್ಕಾರವೇ ಹುಲಿಗಳ ಕಾರಿಡಾರಿನ ಕಾರಣ ಕೊಟ್ಟು ಸುಪ್ರೀಂ ಕೋರ್ಟಿನಲ್ಲಿ ಯೋಜನೆಯನ್ನು ವಿರೋಧಿಸಿತು. ಅವರಿಗೆ ಕಾಸ್ಮಿಕ್ ಕಿರಣದ ಕಥೆ ಹೇಳುವುದು ಅವಮಾನ ಮಾಡಿದ ಹಾಗೆ. ಅಲ್ಲಿ ಬೇಕಾದದ್ದು ಸರ್ವೆ, ನಕ್ಷೆ, ಊರಿನವರ ಭಾಷೆಯಲ್ಲಿ ಕಾಗದಪತ್ರ. ಅದು ವಿಜ್ಞಾನದ ಮೇಷ್ಟ್ರ ಕೈಲಿಲ್ಲ ಎಂದು ಒಪ್ಪಿಕೊಳ್ಳಿ.

ತೋರಿಸುವ ವಿಧಾನ

ಮಾತಿಗಿಂತ ನನಗೆ ಹೆಚ್ಚು ಕೆಲಸಕ್ಕೆ ಬಂದಿರುವುದು ಕ್ಲೌಡ್ ಚೇಂಬರ್, ಕಣಗಳು ಹಾದುಹೋದ ಜಾಡನ್ನು ಮಂಜಿನಲ್ಲಿ ಕಾಣಿಸುವ ಪೆಟ್ಟಿಗೆ. ಕಾಸ್ಮಿಕ್ ಕಿರಣ ಇದೆ ಇದೆ ಎಂದು ಹೇಳುವ ಬದಲು ಊಟದ ಮೇಜಿನ ಮೇಲೇ ಕಾಣಿಸಬಹುದು.

ಬೇಕಾದದ್ದು: ಮೀನು ಸಾಕುವಂಥ ಸಣ್ಣ ಗಾಜಿನ ಪೆಟ್ಟಿಗೆ, ಕ್ರಾಫ್ಟ್ ಅಂಗಡಿಯ ಫೆಲ್ಟ್ ಬಟ್ಟೆ, ಕಪ್ಪು ಬಣ್ಣ ಬಳಿದ ಲೋಹದ ತಗಡು, ಜೋರಾದ ಟಾರ್ಚು, ಐಸೊಪ್ರೊಪೈಲ್ ಆಲ್ಕೊಹಾಲ್, ಡ್ರೈ ಐಸ್ (ಗಟ್ಟಿಯಾಗಿಸಿದ ಕಾರ್ಬನ್ ಡೈಆಕ್ಸೈಡ್). ಮೆಡಿಕಲ್ ಶಾಪಿನ ಸ್ಪಿರಿಟ್ ನಡೆಯುವುದಿಲ್ಲ, ಅದರಲ್ಲಿ ನೀರು ಜಾಸ್ತಿ. ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಮೊಬೈಲ್ ಬೋರ್ಡ್ ತೊಳೆಯಲು ಈ ಐಸೊಪ್ರೊಪೈಲ್ ಅನ್ನೇ ಐಪಿಎ ಎಂದು ಮಾರುತ್ತಾರೆ. 99 ಪರ್ಸೆಂಟಿನದು ಕೇಳಿ. ಡ್ರೈ ಐಸ್ ಬೇಕೆಂದರೆ, ಛತ್ರಗಳಲ್ಲಿ ಹೆಣ್ಣು ಗಂಡು ಬರುವಾಗ ಕಾಲಡಿ ಹೊಗೆ ಎಬ್ಬಿಸುವ ಡೆಕೊರೇಷನ್‌ನವರನ್ನು ವಿಚಾರಿಸಿ, ಎಲ್ಲಿ ಸಿಗುತ್ತದೆಂದು ಅವರಿಗೆ ಗೊತ್ತಿರುತ್ತದೆ.

ಪೆಟ್ಟಿಗೆಯ ತಳಕ್ಕೆ ಒಳಗಡೆಯಿಂದ ಫೆಲ್ಟ್ ಅಂಟಿಸಿ, ಆಲ್ಕೊಹಾಲಿನಲ್ಲಿ ಚೆನ್ನಾಗಿ ನೆನೆಸಿ. ಪೆಟ್ಟಿಗೆಯನ್ನು ತಗಡಿನ ಮೇಲೆ ಬೋರಲು ಹಾಕಿ, ಸುತ್ತ ಗಾಳಿಯಾಡದಂತೆ ಟೇಪ್ ಸುತ್ತಿ. ತಗಡನ್ನು ಡ್ರೈ ಐಸಿನ ಮೇಲೆ ಸಪಾಟಾಗಿ ಕೂರಿಸಿ. ಲೈಟು ಆರಿಸಿ, ಟಾರ್ಚನ್ನು ಪಕ್ಕದಿಂದ, ತಗಡಿಗೆ ಸಮನಾಗಿ ಹಿಡಿಯಿರಿ. ಮೊದಲಿಗೆ ಬರೀ ಸೋನೆಯಂಥ ಹನಿ ಬೀಳುತ್ತದೆ. ಹತ್ತು ಹದಿನೈದು ನಿಮಿಷ ತಾಳ್ಮೆ ಬೇಕು, ಮಕ್ಕಳು ಅಷ್ಟರಲ್ಲಿ ಎದ್ದು ಹೋಗದಂತೆ ನೋಡಿಕೊಳ್ಳಿ. ಆಮೇಲೆ ತಗಡಿನ ಮೇಲಿನ ಮಂಜಿನಲ್ಲಿ ಬಿಳಿ ಗೆರೆಗಳು ಮೂಡಿ ಮಾಯವಾಗತೊಡಗುತ್ತವೆ. ಗಿಡ್ಡನೆಯ ದಪ್ಪ ಗೆರೆ ಆಲ್ಫಾ ಕಣದ್ದು, ಗಾಳಿಯಲ್ಲಿರುವ ರೇಡಾನ್ ಎಂಬ ವಿಕಿರಣಶೀಲ ಅನಿಲದಿಂದ ಬಂದದ್ದು. ಅಂಕುಡೊಂಕಾದದ್ದು ಎಲೆಕ್ಟ್ರಾನ್. ಉದ್ದಕ್ಕೆ, ತೆಳ್ಳಗೆ, ನೇರವಾಗಿ ಎಳೆದದ್ದು ಹೆಚ್ಚಾಗಿ ಮ್ಯೂಯಾನ್, ಮೇಲೆ ವಾತಾವರಣದಲ್ಲಿ ಈಗಷ್ಟೇ ಆದ ಡಿಕ್ಕಿಯ ಚೂರು. ಅಂಗೈಯಷ್ಟು ಜಾಗದಲ್ಲಿ ಪ್ರತಿ ನಿಮಿಷವೂ ಇಂಥವು ಹತ್ತಾರು ತೂರಿಹೋಗುತ್ತವೆ. ಮಂಜಿನ ಪದರದಲ್ಲಿ ಓರೆಯಾಗಿ ಸಾಗಿದವಷ್ಟೇ ಚೆನ್ನಾಗಿ ಕಾಣುತ್ತವೆ.

ಹೂವಿನವಳ ಮಗಳನ್ನು ಕೂರಿಸಿ ಇದನ್ನು ತೋರಿಸಿದಾಗ ಅವಳು ಕೇಳಿದ್ದು, "ಇದು ನಿನ್ನೇನೂ ಬರ್ತಿತ್ತಾ ಮಿಸ್?" ಬರುತ್ತಿತ್ತು, ನೀನು ಹುಟ್ಟೋ ಮುಂಚೆಯೂ ಬರುತ್ತಿತ್ತು ಎಂದೆ. ಆಮೇಲೆ ಅವಳಿಗೆ ಜಿನೀವಾದ ವಿಷಯ ಬೇಡವಾಯಿತು, ಡ್ರೈ ಐಸ್ ಮುಟ್ಟಿ ನೋಡುವ ಆಸೆ ಹತ್ತಿತು.

ಮುಟ್ಟಲು ಬಿಡಬೇಡಿ. ಸೊನ್ನೆಗಿಂತ 78 ಡಿಗ್ರಿ ಕೆಳಗಿನ ಚಳಿ, ಚರ್ಮ ಸುಟ್ಟುಹೋಗುತ್ತದೆ. ದಪ್ಪ ಕೈಗವಸು ಹಾಕಿಕೊಂಡೇ ಎತ್ತಬೇಕು. ಆಲ್ಕೊಹಾಲ್ ಇರುವ ಕೋಣೆಯಲ್ಲಿ ದೀಪ, ಊದುಬತ್ತಿ, ಗ್ಯಾಸ್ ಒಲೆ ಯಾವುದೂ ಉರಿಯುತ್ತಿರಬಾರದು, ಒಂದು ಕಿಟಕಿ ತೆರೆದಿರಲಿ. ಉಳಿದ ಡ್ರೈ ಐಸನ್ನು ಬಾಟಲಿಗೆ ಹಾಕಿ ಮುಚ್ಚಳ ಬಿಗಿದರೆ ಸಿಡಿಯುತ್ತದೆ, ಫ್ರಿಜ್ಜಿನಲ್ಲೂ ಇಡಬೇಡಿ. ಥರ್ಮೊಕೋಲ್ ಡಬ್ಬಿಯಲ್ಲಿ ಮುಚ್ಚಳ ಸಡಿಲವಾಗಿಟ್ಟು, ಮಕ್ಕಳ ಕೈಗೆ ಸಿಗದಂತೆ ತಾರಸಿಯ ಮೇಲೆ ಬಿಟ್ಟುಬಿಡಿ, ತಾನಾಗಿ ಕರಗಿ ಹೋಗುತ್ತದೆ.